ಕೆಂಪಿಯನ್ನು ಇನ್ನೂ ಎಷ್ಟು ದಿನ ಕಾಯಿಸಲಿ?

ಪ್ರಶ್ನೆ: ಹಿತ್ತಲಮನೆ, ಕಾರವಾರ

ನಮಸ್ಕಾರ. ನಾವು ಕೋಳಿ ತಿನ್ನುವ ಮನೆಯವರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತೊಡಕು ಇರುವುದೇ ಅಲ್ಲಿ. ಹಬ್ಬಕ್ಕೆ, ನೆಂಟರು ಬಂದಾಗ, ಹರಕೆ ತೀರಿಸುವಾಗ ನಮ್ಮ ಹಿತ್ತಲಿನ ಹುಂಜಗಳನ್ನು ಮಾವನವರೇ ಕೊಯ್ಯುತ್ತಿದ್ದರು. ಪುಕ್ಕ ತರಿದು, ಬೆಂಕಿಗೆ ಹಿಡಿದು, ಅರಿಶಿನ ಹಚ್ಚಿ ತೊಳೆದು ಕೊಟ್ಟವಳು ನಾನು. ಒಂದು ದಿನವೂ ಮುಖ ತಿರುಗಿಸಿದವಳಲ್ಲ. ಅಂಥವಳು ಈಗ ಹನ್ನೆರಡು ದಿನಗಳಿಂದ ಒಂದು ರೋಗಿ ಹೇಂಟೆಯ ಮುಂದೆ ಕುಳಿತು ಏನೂ ತೋಚದೆ ಏಳುತ್ತಿದ್ದೇನೆ.

ಕೆಂಪಿ ಕಂದು ಬಣ್ಣದ ಮೊಟ್ಟೆ ತಳಿಯ ಹೇಂಟೆ, ವಯಸ್ಸು ಮೂರೂವರೆ ವರ್ಷ. ಒಟ್ಟಿಗೆ ತಂದ ಆರು ಮರಿಗಳಲ್ಲಿ ಉಳಿದವಳು ಅವಳೊಬ್ಬಳೇ. ಉಳಿದ ಐದನ್ನು ಮುಂಗುಸಿಯೂ ಹದ್ದೂ ಹಂಚಿಕೊಂಡವು. ಗೂಡಿನಲ್ಲಿ ಬುಟ್ಟಿ ಇಟ್ಟುಕೊಟ್ಟರೂ ಜಗಲಿಯ ಮೂಲೆಯಲ್ಲಿರುವ ಹಳೆಯ ಮೀನುಬಲೆಯ ರಾಶಿಯ ಮೇಲೆಯೇ ಮೊಟ್ಟೆ ಇಡುತ್ತಿದ್ದಳು. ನಾನು ಶೆಟ್ಲಿ (ಸಿಗಡಿ) ಸುಲಿಯಲು ಕುಳಿತರೆ ಎಲ್ಲಿದ್ದರೂ ಓಡಿ ಬಂದು, ಸಿಪ್ಪೆ ನೆಲಕ್ಕೆ ಬೀಳುವ ಮೊದಲೇ ಕೈಯಿಂದ ಕಸಿಯುತ್ತಿದ್ದಳು. ಮೊಟ್ಟೆ ನಿಂತು ನಾಲ್ಕು ತಿಂಗಳಾಯಿತು. ಆಮೇಲೆ ಹೊಟ್ಟೆ ಇಳಿಬಿದ್ದು, ಎದೆ ಮೇಲೆತ್ತಿ ನೆಟ್ಟಗೆ ನಿಲ್ಲತೊಡಗಿದಳು. ಪಶುವೈದ್ಯರು ಮೊಟ್ಟೆಯ ಭಂಡಾರ, ಅಂದರೆ ಹಳದಿ ಭಾಗ, ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿದೆ ಎಂದರು. ಸೂಜಿಯಿಂದ ತೆಳು ಚಹಾದ ಬಣ್ಣದ ನೀರನ್ನು ಒಂದು ಲೋಟದಷ್ಟು ತೆಗೆದು ಔಷಧ ಕೊಟ್ಟರು. ಮೂರು ದಿನ ಅಂಗಳದಲ್ಲಿ ಕೆದಕಿ ತಿಂದಳು. ಒಂಬತ್ತನೆಯ ದಿನಕ್ಕೆ ಹೊಟ್ಟೆ ಮತ್ತೆ ಮೊದಲಿನಂತೆಯೇ ಆಯಿತು. ಮತ್ತೆ ತೆಗೆಯಬಹುದು, ಆದರೆ ಮತ್ತೆ ತುಂಬುತ್ತದೆ, ದಯಾಮರಣದ ಬಗ್ಗೆ ಮನೆಯವರು ಯೋಚಿಸಿ ಎಂದು ಹೇಳಿ ಹೋದರು.

ಈಗ ಅವಳು ಕೋಲಿನ ಮೇಲೆ ಹಾರಿ ಕೂರಲಾರಳು. ನೆಲದ ಮೇಲೆ ಮಲಗಿದರೆ ಉಳಿದವು ಕುಕ್ಕುತ್ತವೆಂದು ರಾತ್ರಿ ಅಡುಗೆಮನೆಯ ಹೆಡಿಗೆಯಲ್ಲಿ ಇರಿಸುತ್ತೇನೆ. ಕುಚಲಕ್ಕಿ ಅನ್ನದ ಅಗುಳನ್ನು ಕೊಕ್ಕಿನಲ್ಲಿ ಎತ್ತಿ, ಸ್ವಲ್ಪ ಹೊತ್ತು ಹಿಡಿದುಕೊಂಡು, ಹಾಗೆಯೇ ಕೆಳಗೆ ಬಿಡುತ್ತಾಳೆ. ಆದರೆ ಬೆಳಿಗ್ಗೆ ಬಾಗಿಲು ತೆರೆದಾಗ ಕತ್ತೆತ್ತಿ ನೋಡುತ್ತಾಳೆ. ಆ ನೋಟ ಇರುವವರೆಗೆ ನಾನು ಹೇಗೆ ತೀರ್ಮಾನಿಸಲಿ? ಮಾಂಸ ಇಳಿಯುವ ಮೊದಲೇ ಸಾರು ಮಾಡಬೇಕಿತ್ತು ಎಂದು ಅತ್ತೆಯವರು ಹೇಳುತ್ತಾರೆ. ಮುನ್ನೂರು ರೂಪಾಯಿಯ ಕೋಳಿಗೆ ಇಷ್ಟೆಲ್ಲ ಯಾಕೆ ಎಂದು ಪಕ್ಕದ ಮನೆಯವರು ನಗುತ್ತಾರೆ. ಹರಕೆಯ ಕೋಳಿಯ ಮೇಲೆ ಮಾವ ನೀರು ಚಿಮುಕಿಸಿ, ಅದು ಮೈ ಕೊಡವಿದ ಮೇಲೆಯೇ ಕತ್ತಿ ಎತ್ತುತ್ತಿದ್ದರು. ಅದನ್ನು ಒಪ್ಪಿಗೆ ಎಂದು ತಿಳಿಯುವುದು ನಮ್ಮ ರೂಢಿ. ಇಲ್ಲಿ ಹರಕೆಯೂ ಇಲ್ಲ, ಊಟವೂ ಇಲ್ಲ. ಒಪ್ಪಿಗೆ ಕೇಳುವುದು ಯಾರನ್ನು? ಒಂಬತ್ತು ವರ್ಷದ ಮಗಳಿಗೆ ಏನು ಹೇಳಲಿ ಎಂಬುದೂ ಗೊತ್ತಾಗುತ್ತಿಲ್ಲ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಪಶುವೈದ್ಯ, ಕುಮಟಾ

ತಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಅಂಡಾಶಯದಿಂದ ಬಿಡುಗಡೆಯಾದ ಭಂಡಾರವು ಮೊಟ್ಟೆನಾಳದ ಬಾಯಿಗೆ ಸೇರದೆ ಹೊಟ್ಟೆಯೊಳಗೆ ಬಿದ್ದಾಗ ಅಲ್ಲಿ ಉರಿಯೂತವಾಗಿ, ಬ್ಯಾಕ್ಟೀರಿಯಾ ಸೇರಿಕೊಂಡು ನೀರು ತುಂಬುತ್ತದೆ. ಈ ವಯಸ್ಸಿನ ಮೊಟ್ಟೆ ಕೋಳಿಗಳಲ್ಲಿ ಅಂಡಾಶಯದ ಗಡ್ಡೆಯಿಂದಲೂ ಇದೇ ಚಿತ್ರ ಕಾಣಿಸುವುದುಂಟು. ಶೆಟ್ಲಿಯ ಸಿಪ್ಪೆಯಿಂದ ಆಯಿತೇ, ನಾನು ತಡಮಾಡಿದೆನೇ ಎಂಬ ಪ್ರಶ್ನೆಗಳು ತಮ್ಮನ್ನು ಕಾಡುತ್ತಿದ್ದರೆ ಅವನ್ನು ಬಿಟ್ಟುಬಿಡಿ. ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ 10–15 ಮೊಟ್ಟೆ ಇಡುತ್ತದೆ. ತಮ್ಮ ಕೆಂಪಿಯಂಥ ತಳಿಯ ಕೋಳಿ ಮೊದಲ ವರ್ಷವೇ 300ರ ಆಸುಪಾಸಿನಲ್ಲಿ ಇಡುತ್ತದೆ. ಅಷ್ಟು ದುಡಿದ ಅಂಗ ಕೆಡುವುದಕ್ಕೆ ಮನೆಯವರ ತಪ್ಪು ಬೇಕಾಗಿಲ್ಲ.

ನೋವಿನ ಬಗ್ಗೆ ಹೇಳುತ್ತೇನೆ. ಕೋಳಿಗೆ ನಮ್ಮಂತೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಇಲ್ಲ. ಅದರ ಗಾಳಿಚೀಲಗಳು ಹೊಟ್ಟೆಯವರೆಗೂ ಹರಡಿರುತ್ತವೆ, ಎದೆಮೂಳೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿಯೇ ಅದು ಉಸಿರಾಡಬೇಕು. ಹೀಗಾಗಿ ಹೊಟ್ಟೆಯಲ್ಲಿ ತುಂಬಿದ ನೀರು ಕೇವಲ ಭಾರವಲ್ಲ, ಉಸಿರಿನ ಜಾಗವನ್ನೇ ಅದು ಕಸಿದುಕೊಳ್ಳುತ್ತದೆ. ಕೊಕ್ಕು ತೆರೆದು ಉಸಿರಾಡುತ್ತಿದ್ದಾಳೆಯೇ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ, ಜುಟ್ಟಿನ ತುದಿ ನೀಲಿಯಾಗಿದೆಯೇ ಎಂದು ನೋಡಿ. ಎದೆಯ ಮೇಲೆ ಕೈಯಾಡಿಸಿದರೆ ನಡುಮೂಳೆ ಚಾಕುವಿನ ಅಂಚಿನಂತೆ ಸಿಗುತ್ತಿದ್ದರೆ ಮೈಯ ಮಾಂಸವೆಲ್ಲ ಕರಗಿದೆ ಎಂದು ಅರ್ಥ. ಪರೀಕ್ಷಿಸುವ ನೆಪದಲ್ಲಿಯೂ ಅವಳನ್ನು ಅಂಗಾತ ಮಲಗಿಸಬೇಡಿ, ಹಾಗೆ ಹಿಡಿದ ಹಿಡಿತದಲ್ಲೇ ಉಸಿರುಗಟ್ಟಿ ಸತ್ತ ಕೋಳಿಗಳನ್ನು ನಾನು ನೋಡಿದ್ದೇನೆ. ಕತ್ತೆತ್ತಿ ನೋಡುತ್ತಾಳೆ ಎಂದಿದ್ದೀರಿ. ಕೋಳಿ ಬೇಟೆಗೆ ಸಿಗುವ ಜಾತಿ. ಬಳಲಿಕೆಯನ್ನು ತೋರಿಸಿದ ಕೋಳಿ ಹದ್ದಿಗೂ ಗುರುತಾಗುತ್ತದೆ, ಗುಂಪಿನ ಕುಕ್ಕಿಗೂ ಗುರಿಯಾಗುತ್ತದೆ. ಆದ್ದರಿಂದ ಅದು ಕೊನೆಯವರೆಗೂ ಕತ್ತೆತ್ತುತ್ತದೆ. ಅಗುಳನ್ನು ಎತ್ತಿ ಬಿಟ್ಟುಬಿಡುವುದನ್ನು ನಾನು ಅದಕ್ಕಿಂತ ಹೆಚ್ಚು ನಂಬುತ್ತೇನೆ.

ವಿಧಾನದ ವಿಷಯ. ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಪ್ರಜ್ಞೆ ತಪ್ಪಿಸಿ ಜೀವ ನಿಲ್ಲಿಸುವುದು ಒಂದು. ಎಲ್ಲ ಆಸ್ಪತ್ರೆಗಳಲ್ಲೂ ಆ ಔಷಧ ಸದಾ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಇನ್ನೊಂದು, ತಲೆಬುರುಡೆಗೂ ಕತ್ತಿನ ಮೊದಲ ಮೂಳೆಗೂ ನಡುವಣ ಕೀಲನ್ನು ಒಂದೇ ಎಳೆತಕ್ಕೆ ತಪ್ಪಿಸುವುದು. ಸುಮಾರು ಮೂರು ಕಿಲೋ ತೂಕದೊಳಗಿನ ಕೋಳಿಗೆ, ಪಳಗಿದ ಕೈಯಿಂದ ಆದರೆ, ಇದು ಒಪ್ಪಿತ ವಿಧಾನ. ಅರ್ಧ ಮನಸ್ಸಿನ, ನಡುಗುವ ಕೈ ಇದಕ್ಕೆ ಸಲ್ಲದು. ನೀರಿನಲ್ಲಿ ಮುಳುಗಿಸುವುದು, ಚೀಲಕ್ಕೆ ಕಟ್ಟಿ ಎಸೆಯುವುದು, ವಿಷವಿಡುವುದು, ಜೀವವಿರುವಾಗಲೇ ಹೂಳುವುದು ಇವೆಲ್ಲ ಕ್ರೌರ್ಯ. ನಮ್ಮ ಹಳ್ಳಿಗಳಲ್ಲಿ ಇವೆಲ್ಲ ನಡೆಯುತ್ತವೆಯಾದ್ದರಿಂದ ಬರೆಯುತ್ತಿದ್ದೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಕಲಮು, ಪ್ರಾಣಿಯನ್ನು ಇಟ್ಟುಕೊಂಡವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕೆಂದು ಹೇಳುತ್ತದೆ. ದಯಾಮರಣ ಆ ಕರ್ತವ್ಯಕ್ಕೆ ವಿರೋಧವಲ್ಲ.

ಔಷಧ ಕೊಟ್ಟ ಕೋಳಿಯನ್ನು ಮನುಷ್ಯರೂ ತಿನ್ನಬಾರದು, ನಾಯಿ ನರಿಗಳಿಗೂ ಸಿಗಬಾರದು, ಏಕೆಂದರೆ ಔಷಧ ಮಾಂಸದಲ್ಲಿ ಉಳಿದಿರುತ್ತದೆ. ಕರಾವಳಿಯ ಮರಳು ಮಣ್ಣನ್ನು ನಾಯಿ ಸುಲಭವಾಗಿ ಕೆದರುತ್ತದೆ, ಮಳೆಗಾಲದಲ್ಲಿ ಮೂರು ಅಡಿಗೇ ನೀರು ಬರುತ್ತದೆ. ಬಾವಿಯಿಂದ ದೂರ, ಎತ್ತರದ ಜಾಗ ನೋಡಿ, ಸುಣ್ಣ ಹಾಕಿ, ಮೇಲೆ ಚಿರೆಕಲ್ಲು ಇಡಿ.

ಉತ್ತರ: ತೋಟದಂಚು, ಶಿರಸಿ

ಅಕ್ಕಾ, ನಾವು ಮಾಂಸ ತಿನ್ನುವವರಲ್ಲ, ಕೋಳಿ ಸಾಕುವ ರೂಢಿಯೂ ನಮ್ಮ ಕೇರಿಯಲ್ಲಿ ಇಲ್ಲ. ಆದರೂ ಒಂದು ಕೋಳಿ ನಮ್ಮ ಕೊಟ್ಟಿಗೆಯಲ್ಲಿ ಏಳು ತಿಂಗಳು ಇತ್ತು. ದೇವಿಮನೆ ಘಟ್ಟದ ತಿರುವಿನಲ್ಲಿ ಕೋಳಿ ಲಾರಿಯಿಂದ ಬಿದ್ದದ್ದು. ನನ್ನ ತಮ್ಮ ಬೈಕಿನಲ್ಲಿ ಅಂಗಿಯೊಳಗೆ ಸುತ್ತಿಕೊಂಡು ತಂದ. ಅಪ್ಪಯ್ಯ ಮೊದಲು ಗದರಿ, ಆಮೇಲೆ ತಾನೇ ಕರುವಿನ ಹಗ್ಗದ ಪಕ್ಕದಲ್ಲಿ ಒಣಹುಲ್ಲು ಹಾಸಿಕೊಟ್ಟ. ಮಾಂಸಕ್ಕೆಂದೇ ಬೆಳೆಸಿದ ಬಿಳಿ ಕೋಳಿ ಆರು ವಾರಗಳಲ್ಲಿ ಕಡಿಯುವ ತೂಕಕ್ಕೆ ಬರುವಂಥದು, ಬದುಕಿ ಬಾಳಲೆಂದು ಮಾಡಿದ ಮೈಯಲ್ಲ ಅದು. ನಾಲ್ಕು ಕಿಲೋ ದಾಟಿದ ಮೇಲೆ ಕಾಲುಗಳು ಹೊರಲಿಲ್ಲ. ಮೊದಲು ಕುಂಟಿತು, ಆಮೇಲೆ ಕುಳಿತಲ್ಲಿಯೇ ಉಳಿಯಿತು, ಎದೆಯ ಚರ್ಮ ಸವೆದು ಹುಣ್ಣಾಯಿತು.

ಆಗ ನಮ್ಮನೆಯಲ್ಲಿ ಯಾರೂ ಕೊಲ್ಲುವ ಮಾತನ್ನು ಎತ್ತಲಿಲ್ಲ. ನಮ್ಮದು ಕೊಲ್ಲದ ಮನೆ. ಅದಾಗಿಯೇ ಹೋಗಲಿ ಎಂದು ಅಪ್ಪಯ್ಯ ಹೇಳಿದ, ಅಮ್ಮ ದಿನಾ ದೀಪ ಹಚ್ಚುವಾಗ ಒಮ್ಮೆ ಕೊಟ್ಟಿಗೆಯ ಕಡೆ ನೋಡುತ್ತಿದ್ದಳು. ಅದಾಗಿಯೇ ಹೋಗಲು ಐದು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಹಾಲು ಕರೆಯಲು ಹೋದಾಗ ಕೆಂಪಿರುವೆಯ ಸಾಲು ಕಂಬದಿಂದ ಇಳಿದು ಹುಲ್ಲಿನ ಮೇಲೆ ಹಾದು ಅದರ ಕಣ್ಣಿನ ಮೂಲೆಗೆ ಮುಟ್ಟಿತ್ತು. ಕೋಳಿ ರೆಪ್ಪೆ ಮುಚ್ಚಿ ತೆರೆಯುತ್ತಿತ್ತು, ಅಷ್ಟೇ. ಕತ್ತು ಕೊಡವುವಷ್ಟು ಶಕ್ತಿ ಇರಲಿಲ್ಲ. ನಾನು ಒದ್ದೆ ಬಟ್ಟೆಯಿಂದ ಒರೆಸಿ, ನೆಲಕ್ಕೆ ಸೀಮೆಎಣ್ಣೆ ಹಚ್ಚಿ, ಬುಟ್ಟಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟೆ. ಇರುವೆ ನಿಂತಿತು. ಮರುದಿನ ನೊಣ ಬಂತು, ಎದೆಯ ಹುಣ್ಣಿನಲ್ಲಿ ಹುಳುವಾಯಿತು.

ಅಪ್ಪಯ್ಯನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಅವನಿಗೆ ಪಾಪದ ಭಯ ನಿಜವಾಗಿಯೇ ಇತ್ತು. ಆದರೆ ಆ ಐದು ದಿನ ಅಪ್ಪಯ್ಯ ಕೊಟ್ಟಿಗೆಗೆ ಕಾಲಿಡಲಿಲ್ಲ, ಸಗಣಿ ತೆಗೆಯುವ ಕೆಲಸವನ್ನೂ ನನಗೇ ಬಿಟ್ಟ. ಪಾಪದ ಲೆಕ್ಕ ಅವನ ಹತ್ತಿರ ಇತ್ತು, ಇರುವೆ ಒರೆಸುವ ಕೆಲಸ ನನ್ನ ಹತ್ತಿರ ಇತ್ತು. ವೈದ್ಯರನ್ನು ಕರೆಸಿದ್ದರೆ ಎಂಬ ಯೋಚನೆ ಎಂಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ನೀವು ದಯಾಮರಣ ಕೊಡಿಸಿದ ಮೇಲೆಯೂ ದುಃಖ ಇದ್ದೇ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಡಿಸದೆ ಉಳಿದವರ ದುಃಖ ಹಗುರವಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಉತ್ತರ: ಗಂಗಾವಳಿ ದಡ

ಮನೆಯಲ್ಲಿ ಹುಂಜ ಕೊಯ್ಯುವಾಗ ಬಾರದ ಕರುಣೆ ಈ ಒಂದು ಹೇಂಟೆಗೆ ಬಂದದ್ದು ವಿಚಿತ್ರವಾಗಿದೆ. ಎರಡೂ ಜೀವವೇ ಅಲ್ಲವೇ? ಇದನ್ನು ಇಷ್ಟು ದೊಡ್ಡದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ: ನಾಟಿಕೋಳಿ, ಅಂಕೋಲಾ

ಮೇಲಿನವರಿಗೆ ಒಂದೇ ಮಾತು: ಆ ವಿಚಿತ್ರವನ್ನು ಕೇಳಿದವರೇ ಮೊದಲ ಸಾಲಿನಲ್ಲಿ ಒಪ್ಪಿಕೊಂಡಿದ್ದಾರೆ. ನಾನು ನೂರೈವತ್ತು ಕೋಳಿ ಸಾಕಿ ಮಾರುವವನು, ಕೊಯ್ಯುವುದು ನನ್ನ ವಾರದ ಕೆಲಸ. ಹಾಗಿದ್ದೂ ರೋಗಿ ಕೋಳಿಯನ್ನು ಮುಗಿಸುವ ದಿನ ನನಗೂ ಬೆಳಗಿನ ಚಹಾ ರುಚಿಸುವುದಿಲ್ಲ. ಮಾರಾಟದ ಕೋಳಿಯಲ್ಲಿ ಗಿರಾಕಿ ಕಾಯುತ್ತಿರುತ್ತಾನೆ, ತೂಕ, ದರ, ಪುಕ್ಕ ಎಂದು ಕೈಗೂ ತಲೆಗೂ ಮುಂದಿನ ಕೆಲಸ ಇರುತ್ತದೆ. ರೋಗಿ ಕೋಳಿ ಸತ್ತ ಮೇಲೆ ಮುಂದಿನ ಕೆಲಸ ಗುಂಡಿ ತೋಡುವುದೊಂದೇ.

ವೈದ್ಯರಿಗೆ ಔಷಧ ಸಿಗದಿದ್ದರೆ ನಿಮ್ಮೂರಿನ ಕೋಳಿ ಅಂಗಡಿಯ ಪಳಗಿದ ಕೈಯವರನ್ನು ಮನೆಗೆ ಕರೆಸಿ. ರೋಗದ ಕೋಳಿಯನ್ನು ಅಂಗಡಿಗೆ ಒಯ್ಯಬೇಡಿ, ಅಲ್ಲಿ ಬೇರೆ ಕೋಳಿಗಳಿರುತ್ತವೆ. ಕೊಂದ ಮೇಲೆ ರೆಕ್ಕೆ ಜೋರಾಗಿ ಬಡಿಯುತ್ತದೆ, ಒಂದೆರಡು ನಿಮಿಷವೂ ಬಡಿಯಬಹುದು. ಪ್ರಜ್ಞೆ ಹೋದ ಮೇಲೆ ನರಗಳು ಮಾಡುವ ಕೆಲಸ ಅದು. ಹುಂಜ ಕೊಯ್ಯುವಾಗ ನೂರು ಸಲ ನೋಡಿರುತ್ತೀರಿ, ಆದರೆ ಹೆಸರಿಟ್ಟು ಕರೆದ ಕೋಳಿಯಲ್ಲಿ ಅದು ಬೇರೆಯೇ ಆಗಿ ಕಾಣುತ್ತದೆ. ಬೇಕಾದರೆ ಟವೆಲಿನಲ್ಲಿ ಸುತ್ತಿಸಿ. ಇನ್ನೊಂದು ವಿಷಯ: ನಿಮ್ಮದು ಒಂದೇ ಕೋಳಿಯ ಒಳರೋಗ. ಎರಡು ಮೂರು ಕೋಳಿ ಒಟ್ಟಿಗೆ ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ ಬಿದ್ದರೆ ಅದು ಕೊಕ್ಕರೆ ರೋಗವಿರಬಹುದು. ಏಕಾಏಕಿ ಗುಂಪಾಗಿ ಸತ್ತರೆ ಹಕ್ಕಿಜ್ವರದ ಅನುಮಾನವೂ ಬರುತ್ತದೆ. ಆಗ ಮನೆಯಲ್ಲೇ ಮುಗಿಸಿ ಹೂಳಲು ಹೋಗದೆ ಪಶು ಆಸ್ಪತ್ರೆಗೆ ತಿಳಿಸಬೇಕು, ಸಹಾಯವಾಣಿ 1962 ಇದೆ.

ಮಗಳಿಗೆ ಸುಳ್ಳು ಹೇಳಬೇಡಿ. ನಾನು ನನ್ನ ಮಗನಿಗೆ, ಕುಂಟ ಹುಂಜವನ್ನು ಕುಮಟಾದ ಅತ್ತೆಯ ಮನೆಗೆ ಕೊಟ್ಟೆ ಎಂದಿದ್ದೆ. ಮೇ ರಜೆಯಲ್ಲಿ ಅಲ್ಲಿಗೆ ಹೋದವನು ಕೈಯಲ್ಲಿ ನುಚ್ಚು ಹಿಡಿದು ಮನೆಯ ಸುತ್ತ ಕರೆಯುತ್ತಾ ತಿರುಗಿದನಂತೆ. ಸಂಜೆ ನನ್ನ ತಂಗಿ ಫೋನು ಮಾಡಿ ಬೈದಳು.

ಮರುಬರಹ: ಹಿತ್ತಲಮನೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಕೆಂಪಿ ನಿನ್ನೆ ಸಂಜೆ ಹೋದಳು.

ಕುಮಟಾದ ಸರ್ ಹೇಳಿದಂತೆ ಎದೆಯ ಮೇಲೆ ಕೈಯಾಡಿಸಿದೆ. ಮೂಳೆ ಎರಡು ಬೆರಳ ನಡುವೆ ಹಾಗೆಯೇ ಸಿಕ್ಕಿತು. ಇಷ್ಟು ದಿನ ಹೊಟ್ಟೆಯ ಊತವನ್ನೇ ನೋಡುತ್ತಿದ್ದ ನನಗೆ ಮೈಯಲ್ಲಿ ಏನೂ ಉಳಿದಿಲ್ಲ ಎಂಬುದು ಕೈಗೆ ತಾಗಿದ್ದು ಆಗಲೇ. ಶಿರಸಿಯ ತಂಗಿ ಬರೆದದ್ದನ್ನು ಓದಿದ ರಾತ್ರಿ ಹೆಡಿಗೆಯನ್ನು ನೀರಿನ ಪರಾತದ ನಡುವೆ ಇಟ್ಟು ಮಲಗಿದೆ. ಬೆಳಿಗ್ಗೆ ವೈದ್ಯರಿಗೆ ಫೋನು ಮಾಡಿದೆ, ಔಷಧ ಇದೆ ಎಂದರು.

ಮಗಳಿಗೆ ಇದ್ದದ್ದನ್ನೇ ಹೇಳಿದೆ. ನೋವಾಗುತ್ತದೆಯೇ ಎಂದು ಕೇಳಿದಳು, ಸೂಜಿ ಚುಚ್ಚಿದ ನೋವು ಆಗುತ್ತದೆ ಎಂದೆ. ಶೆಟ್ಲಿ ತರಿಸಿ ಎಂದಳು. ಮಾರುಕಟ್ಟೆಯಿಂದ ಕಾಲು ಕಿಲೋ ತರಿಸಿ, ಜಗಲಿಯಲ್ಲಿ ಬಲೆಯ ರಾಶಿಯ ಪಕ್ಕ ಕುಳಿತು ಅವಳೇ ಸುಲಿದಳು. ಕೆಂಪಿ ಒಂದು ಸಿಪ್ಪೆಯನ್ನು ಕೊಕ್ಕಿನಲ್ಲಿ ಹಿಡಿದಳು. ನುಂಗಲಿಲ್ಲ.

ವೈದ್ಯರು ಬಂದಾಗ ಮಾವ, ಯಾರೂ ಕೇಳದೆ, ಒಳಗಿನಿಂದ ತಾಮ್ರದ ಚೊಂಬು ತಂದು ಅವಳ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರು. ಅವಳು ಮೈ ಕೊಡವಲಿಲ್ಲ. ಮಾವ ಬಹಳ ಹೊತ್ತು ನಿಂತು ಕಾದರು, ವೈದ್ಯರೂ ಪುಣ್ಯಕ್ಕೆ ಗಡಿಬಿಡಿ ಮಾಡಲಿಲ್ಲ. ಕೊನೆಗೆ ಮಾವ ಹೆಗಲ ಮೇಲಿನ ಪಂಚೆಯ ತುದಿಯಿಂದ ಆ ನೀರನ್ನು ಒರೆಸಿ, ಆಗಲಿ ಎಂದರು. ಮೊದಲ ಸೂಜಿಗೆ ಕತ್ತು ನನ್ನ ಮೊಣಕೈಗೆ ವಾಲಿತು. ಎರಡನೆಯದು ಕೊಟ್ಟದ್ದು ಅವಳಿಗೆ ಗೊತ್ತಾಗಿರಲಾರದು. ರೆಕ್ಕೆ ಒಮ್ಮೆ ಬಿಚ್ಚಿ ಮಡಚಿತು. ಅಂಕೋಲೆಯವರು ಮೊದಲೇ ಬರೆದಿದ್ದರಿಂದ ನಾನು ಹೆದರಲಿಲ್ಲ.

ಗಂಗಾವಳಿಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬರುವ ಹಬ್ಬಕ್ಕೆ ಹುಂಜ ಕೊಯ್ಯುತ್ತೇವೆಯೇ ಎಂದು ಕೇಳಿದರೆ, ಕೊಯ್ಯುತ್ತೇವೆ.

ಹಿತ್ತಲಿನ ಮೇಲಿನ ಪಾಗಾರದ ಬದಿಗೆ ಮಾವ ಮತ್ತು ನನ್ನ ಗಂಡ ಗುಂಡಿ ತೋಡಿದರು, ಸುಣ್ಣ ಹಾಕಿ ಎರಡು ಚಿರೆಕಲ್ಲು ಹೇರಿದ್ದೇವೆ. ರಾತ್ರಿ ನಾಯಿ ಬಂದು ಮೂಸಿ ಹೋಗಿದೆ, ಕಲ್ಲು ಅಲುಗಿಲ್ಲ. ಉಳಿದ ನಾಲ್ಕು ಕೋಳಿಗಳಲ್ಲಿ ಕರಿಯದಕ್ಕೂ ಮೂರು ವರ್ಷ ದಾಟಿದೆ. ಅದರ ಹೊಟ್ಟೆಯನ್ನು ತಿಂಗಳಿಗೊಮ್ಮೆ ಮುಟ್ಟಿ ನೋಡಿದರೆ ಸಾಕೇ, ವಾರಕ್ಕೊಮ್ಮೆ ನೋಡಬೇಕೇ ಎಂಬುದನ್ನು ಕುಮಟಾದ ಸರ್ ದಯವಿಟ್ಟು ತಿಳಿಸಬೇಕು.